ಒಂದು ತಲೆ ಹೆಚ್ಚು

ಕಂಡಕ್ಟರಿಗೆ ಜೀವಮಾನದಲ್ಲಿ ಎರಡೇ ಭಯ ಎಂದು ಅವರ ಮನೆಯವರು ನಗಾಡುತ್ತಿದ್ದರು. ಒಂದು, ದಾರಿಯಲ್ಲಿ ಅಡ್ಡಗಟ್ಟಿ ಟಿಕೆಟ್ ಕೇಳುವ ಚೆಕಿಂಗ್ ಇನ್‌ಸ್ಪೆಕ್ಟರು. ಇನ್ನೊಂದು, ಕಾಲು ಚಾಚಲಾಗದ ಸೀಟು. ನಿವೃತ್ತಿಯಾದ ದಿನವೇ ಮೊದಲನೆಯದು ತೊಲಗಿತು. ಎರಡನೆಯದು ಮಂಡಿನೋವನ್ನು ಜೊತೆಗೆ ಕಟ್ಟಿಕೊಂಡು ಮನೆಯಲ್ಲೇ ಠಿಕಾಣಿ ಹೂಡಿತು. ಅದಕ್ಕೆ ಅವರು ಒಂದು ಉಪಾಯ ಹುಡುಕಿಕೊಂಡಿದ್ದರು. ಬಾಡಿಗೆಗೆ ಯಾವ ಗಾಡಿ ಗೊತ್ತುಮಾಡಿದರೂ ಒಂದು ತಲೆ ಹೆಚ್ಚು ಹೇಳುವುದು. ಇಬ್ಬರಿದ್ದರೆ ಮೂವರೆನ್ನುವುದು, ನಾಲ್ವರಿದ್ದರೆ ಐವರೆನ್ನುವುದು. ದೊಡ್ಡ ಗಾಡಿ ಬಂದು ನಿಂತ ಮೇಲೆ, "ಇನ್ನೊಬ್ಬರು ಕೈಕೊಟ್ಟರು ಕಣಪ್ಪಾ, ನಡಿ" ಎಂದರಾಯಿತು. ಸರ್ವಿಸಿನಲ್ಲಿದ್ದಷ್ಟು ಕಾಲ ಒಂದು ತಲೆ ಲೆಕ್ಕ ತಪ್ಪಿದರೂ ಬಸ್ಸು ನಿಲ್ಲಿಸಿ ಎಲ್ಲರ ಮೇಲೂ ಹರಿಹಾಯುತ್ತಿದ್ದ ಮನುಷ್ಯ, ಈಗ ಸ್ವಂತ ಮಂಡಿಯ ಸಲುವಾಗಿ ಇಲ್ಲದ ತಲೆಯನ್ನು ಹುಟ್ಟಿಸುತ್ತಿದ್ದರು. ಇಷ್ಟು ವರ್ಷ ಅದರಿಂದ ಯಾರಿಗೂ ಏನೂ ಆಗಿರಲಿಲ್ಲ.

ಆ ಬೆಳಿಗ್ಗೆ ಅವರು ತಮ್ಮದಲ್ಲದ ದೇಶದ ವಿಮಾನ ನಿಲ್ದಾಣದಲ್ಲಿ ತಣ್ಣನೆಯ ಕಬ್ಬಿಣದ ಬೆಂಚಿನ ಮೇಲೆ ಕುಳಿತಿದ್ದರು. ಪಕ್ಕದಲ್ಲಿ ಸೊಸೆ. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಹೆಂಗಸು, ಕೊರಳಲ್ಲಿ ಟೇಪು ಇಲ್ಲದೆ ಅವಳನ್ನು ಕಂಡವರೇ ಕಡಿಮೆ. ಅವಳ ಗಂಡ, ಅಂದರೆ ಕಂಡಕ್ಟರ ಒಬ್ಬನೇ ಮಗ, ಲಿಫ್ಟ್ ಮೆಕ್ಯಾನಿಕ್. ಹೊಸ ಕಟ್ಟಡವೊಂದಕ್ಕೆ ಲಿಫ್ಟ್ ಕೂರಿಸಿ ಬಾ ಎಂದು ಕಂಪನಿಯವರು ಒಂದು ತಿಂಗಳ ಮಟ್ಟಿಗೆ ಇಲ್ಲಿಗೆ ಕಳಿಸಿದ್ದರು. ಲಿಫ್ಟಿನ ಗುಂಡಿಯೊಳಗೆ ಜಾರಿಬಿದ್ದು, ತಲೆಗೆ ಪೆಟ್ಟಾಗಿ, ಕಣ್ಣು ಬಿಡದೆ ಮಲಗಿದ್ದಾನೆ ಎಂಬ ಸುದ್ದಿ ಬಂದ ಮೇಲೆ ಮಾವ ಸೊಸೆ ಇಬ್ಬರೂ ಬಿದ್ದಂಬೀಳ ಹೊರಟು ಬಂದಿದ್ದರು. ಆಸ್ಪತ್ರೆ ಇದ್ದದ್ದು ಬೆಟ್ಟದ ಆಚೆಯ ಇನ್ನೊಂದು ನಗರದಲ್ಲಿ, ಕಾರಿನಲ್ಲಿ ನಾಲ್ಕು ಗಂಟೆಯ ದಾರಿ. ರೈಲು ಇದ್ದದ್ದು ರಾತ್ರಿಗೆ. ಅಲ್ಲಿಯವರೆಗೆ ಅವನು ತಡೆದುಕೊಳ್ಳುತ್ತಾನೋ ಇಲ್ಲವೋ ಎಂಬ ಮಾತು ಇಬ್ಬರ ಎದೆಯಲ್ಲೂ ಇತ್ತು, ಬಾಯಿಗೆ ತರುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ನಿಲ್ದಾಣದ ವೈಫೈ ಹಿಡಿದು ಸೊಸೆ ಕಾರು ಬುಕ್ ಮಾಡುತ್ತಿದ್ದಳು. ಅವರ ಫೋನಿಗೆ ಈ ದೇಶದಲ್ಲಿ ಅದೊಂದೇ ಗತಿ.

"ಎಷ್ಟು ಜನ ಅಂತ ಕೇಳ್ತಾ ಇದೆ ಮಾವ."

"ಮೂರು ಅಂತ ಹಾಕಮ್ಮ."

ಅವಳು ತಲೆಯೆತ್ತಿ ನೋಡಿದಳು. "ಇಲ್ಲೂನಾ?"

"ಮಂಡಿ ಇಲ್ಲೂ ನಂದೇ ತಾನೆ? ಇಬ್ಬರು ಅಂದ್ರೆ ಬೆಂಕಿಪೊಟ್ಟಣದಂಥ ಕಾರು ಕಳಿಸ್ತಾರೆ. ಹಾಕು."

"ಮೂರೂ ಜನದ ಹೆಸರು ಬೇಕಂತೆ."

"ಯಾವುದೋ ಒಂದು ಹಾಕು, ಅವರೇನು ಜಾತಕ ನೋಡ್ತಾರಾ?"

ಅವಳ ಬೆರಳು ಒಂದು ಗಳಿಗೆ ತಡೆದು, ಆಮೇಲೆ ಸರಸರ ಓಡಿತು. ಬುಕ್ ಆದ ಮೇಲೆ ಫೋನನ್ನು ಎದೆಗೆ ಒತ್ತಿಕೊಂಡು, "ಇವರ ಹೆಸರೇ ಹಾಕ್ಬಿಟ್ಟೆ ಮಾವ. ಬೇರೆ ಯಾರ ಹೆಸರೂ ತಲೆಗೇ ಬರ್ಲಿಲ್ಲ" ಎಂದಳು. ಕಂಡಕ್ಟರಿಗೆ ಅದು ಯಾಕೋ ಸರಿ ಅನ್ನಿಸಲಿಲ್ಲ. ಹಾಸಿಗೆಯಲ್ಲಿ ಎಚ್ಚರವಿಲ್ಲದೆ ಮಲಗಿದವನ ಹೆಸರನ್ನು ಖಾಲಿ ಸೀಟಿಗೆ ಕೊಡುವುದೆಂದರೇನು? ಆದರೆ ಅದನ್ನು ಬಾಯಿಬಿಟ್ಟು ಹೇಳಿದರೆ ಅವಳು ಅಲ್ಲೇ ಕುಸಿದುಬಿಡುತ್ತಾಳೆ ಎಂದು ಎದ್ದು ಪೆಟ್ಟಿಗೆಗೆ ಕೈಹಾಕಿದರು.

ಕಾರೇನೋ ದೊಡ್ಡದೇ ಬಂತು. ಚಾಲಕ ಒಣಕಲು ಮನುಷ್ಯ, ಇಸ್ತ್ರಿ ಮಾಡಿದ ಅಂಗಿ, ಮುಖದಲ್ಲಿ ಅತಿ ವಿನಯ. ಅವನ ಭಾಷೆ ಇವರಿಗೆ ಬಾರದು, ಇವರದು ಅವನಿಗೆ ಬಾರದು. ನಡುವೆ ಅವನ ಫೋನು. ಅವನು ತನ್ನ ಭಾಷೆಯಲ್ಲಿ ಅದಕ್ಕೆ ಹೇಳಿದರೆ, ಅದರೊಳಗಿನ ಹೆಣ್ಣುದನಿ ರೇಡಿಯೋದಲ್ಲಿ ವಾರ್ತೆ ಓದುವವಳ ಹಾಗೆ ಕನ್ನಡದಲ್ಲಿ ಒಪ್ಪಿಸುತ್ತಿತ್ತು. ಪೆಟ್ಟಿಗೆಗಳನ್ನು ಹಿಂದೆ ಇಟ್ಟು ಬಂದವನು ಇವರನ್ನು ನೋಡಿ ಮೂರು ಬೆರಳು ತೋರಿಸಿದ.

"ಮೂವರು ಪ್ರಯಾಣಿಕರು. ಮೂರನೆಯವರು ಎಲ್ಲಿದ್ದಾರೆ?" ಎಂದಿತು ಫೋನು.

"ಬಂದಿಲ್ಲ ಅನ್ನಲಾ?" ಸೊಸೆ ಪಿಸುಗುಟ್ಟಿದಳು.

"ಹಾಗಂದ್ರೆ ಕಾಯ್ತಾನೆ, ಇಲ್ಲಾ ಆಫೀಸಿಗೆ ಫೋನ್ ಮಾಡ್ತಾನೆ. ಅಲ್ಲಿಗೆ ಅರ್ಧ ಗಂಟೆ ಹಾಳು. ಇದಾರೆ ಅನ್ನು, ಹೊರಡ್ಲಿ."

ಅವಳು ಫೋನಿಗೆ ಬಾಯಿ ಕೊಟ್ಟು, "ಇದಾರೆ, ಇಲ್ಲೇ ಇದಾರೆ" ಎಂದಳು. ಫೋನು ಅದನ್ನು ಅವನ ಭಾಷೆಗೆ ತಿರುಗಿಸಿತು. ಚಾಲಕ ಇವರ ಬೆನ್ನ ಹಿಂದಿದ್ದ ದಪ್ಪ ಕಂಬದ ಕಡೆ ನೋಡಿದ, ತಲೆಯಾಡಿಸಿದ, ಹಿಂದಿನ ಬಾಗಿಲನ್ನು ತೆರೆದು ಹಿಡಿದ. ಸೊಸೆ ಹತ್ತಿ ಆಚೆ ತುದಿಗೆ ಸರಿದಳು. ಅವಳು ಕುಳಿತ ಮೇಲೂ ಅವನು ಬಾಗಿಲು ಹಿಡಿದೇ ನಿಂತಿದ್ದ. ಆಮೇಲೆ ಏನೋ ಒಂದು ಮಾತು ಹೇಳಿ, ಮಗು ಮಲಗಿದ ಕೋಣೆಯ ಬಾಗಿಲು ಮುಚ್ಚುವ ಹಾಗೆ ಮೆಲ್ಲಗೆ ಮುಚ್ಚಿದ. ಕಂಡಕ್ಟರು ಮುಂದಿನ ಸೀಟಿನಲ್ಲಿ ಕುಳಿತು ಕಾಲು ಚಾಚಿದರು. ಕಾಲಿಗೆ ಹಾಯೆನಿಸಿತು, ಮಗ ಹಾಗೆ ಮಲಗಿರುವಾಗ ತನಗೆ ಹಾಯೆನಿಸಿತಲ್ಲ ಎಂದು ಮರುಕ್ಷಣವೇ ನಾಚಿಕೆಯೂ ಆಯಿತು.

ಊರು ದಾಟುವ ಮೊದಲೇ ಕಾರು ಕುಂಯ್ ಕುಂಯ್ ಎನ್ನತೊಡಗಿತು. ಚಾಲಕ ಕನ್ನಡಿಯಲ್ಲಿ ನೋಡಿ ಹಿಂದಿನ ಖಾಲಿ ಸೀಟಿನ ಕಡೆ ಕೈಮಾಡಿದ. ಸೀಟ್ ಬೆಲ್ಟ್. ಸೊಸೆ ಎಳೆದು ಸಿಕ್ಕಿಸಿದಳು, ಸದ್ದು ನಿಂತಿತು.

"ಯಾರೂ ಇಲ್ದೆ ಇದ್ರೂ ಬೆಲ್ಟ್ ಕೇಳುತ್ತಲ್ಲ ಇದು" ಎಂದಳು.

"ನಮ್ಮ ಇನ್‌ಸ್ಪೆಕ್ಟರ ಹಾಗೆ, ಸುಮ್‌ಸುಮ್ನೆ ಬಾಯಿ ಮಾಡೋದು" ಎಂದರು ಕಂಡಕ್ಟರು. ಅವಳು ನಗಬೇಕೆಂದೇ ಹೇಳಿದ ಮಾತು. ಅವಳು ಮಾವನ ಮಾತಿಗೆ ಮರ್ಯಾದೆ ಕೊಟ್ಟು ಒಂದಿಷ್ಟು ನಕ್ಕಳು.

ಹೆದ್ದಾರಿ ಸಿಕ್ಕಿತು. ಎರಡೂ ಬದಿ ಕೊಯ್ದು ಬಿಟ್ಟ ಹೊಲ, ಆಗೊಂದು ಈಗೊಂದು ಗೋದಾಮು, ದೂರದಲ್ಲಿ ಬೂದು ಬಣ್ಣದ ಬೆಟ್ಟ. ಚಾಲಕ ತನ್ನಷ್ಟಕ್ಕೆ ಮಾತಾಡುತ್ತಿದ್ದ. ಒಂದೆರಡು ಮಾತು, ಸ್ವಲ್ಪ ಬಿಡುವು, ಒಂದು ಸಣ್ಣ ನಗು, ಮತ್ತೆ ಒಂದೆರಡು ಮಾತು. ಕಿವಿಯಲ್ಲಿ ಏನೋ ಸಿಕ್ಕಿಸಿಕೊಂಡು ಯಾರ ಹತ್ತಿರವೋ ಹರಟುತ್ತಿದ್ದಾನೆ ಎಂದು ಕಂಡಕ್ಟರು ಹುಬ್ಬು ಗಂಟಿಕ್ಕಿದರು. ಡ್ಯೂಟಿಯಲ್ಲಿದ್ದಾಗ ಚಾಲಕ ಮಾತಾಡುವುದು ಅವರಿಗೆ ಅಂದಿನಿಂದಲೂ ಆಗದು. ಬಾಗಿ ನೋಡಿದರೆ ಅವನ ಕಿವಿಯಲ್ಲಿ ಏನೂ ಇರಲಿಲ್ಲ. ಇನ್ನೊಂದು ಕಿವಿಯಲ್ಲಿ ಇದ್ದೀತು ಎಂದುಕೊಂಡರು.

ಎಷ್ಟೋ ವರ್ಷದ ಚಾಳಿ. ಬಸ್ಸು ಊರು ಬಿಟ್ಟ ಸ್ವಲ್ಪ ಹೊತ್ತಿಗೆ ಹಿಂದಕ್ಕೆ ತಿರುಗಿ ಒಂದು ಸಲ ಕಣ್ಣಾಡಿಸಿ ತಲೆ ಎಣಿಸಬೇಕು. ಬೆರಳು ಮಡಚುವುದಲ್ಲ, ತುಟಿ ಆಡಿಸುವುದಲ್ಲ, ಕಣ್ಣೇ ಎಣಿಸಿ ಒಳಗೆ ಹೇಳಿಬಿಡುತ್ತದೆ. ಹಾಗೇ ಅವರು ಆಗಲೂ ತಿರುಗಿ ನೋಡಿ ಮುಂದಕ್ಕೆ ತಿರುಗಿದರು. ಮೂರು, ಸರಿ ಇದೆ, ಎಂದಿತು ಮನಸ್ಸು. ಆಕಳಿಕೆ ಬಂತು. ಆಕಳಿಕೆಯ ನಡುವೆ ಬಾಯಿ ಹಾಗೇ ನಿಂತಿತು. ತಾನೊಬ್ಬ, ಸೊಸೆಯೊಬ್ಬಳು, ಮೂರು ಹೇಗೆ ಸರಿಯಾಯಿತು? ಮತ್ತೆ ತಿರುಗಿ, ಈ ಸಲ ಗಮನವಿಟ್ಟು ನೋಡಿದರು. ಸೊಸೆ, ಅವಳ ಪಕ್ಕ ಬೆಲ್ಟ್ ಕಟ್ಟಿದ ಖಾಲಿ ಸೀಟು. ವಯಸ್ಸಾಯಿತು, ನಿದ್ದೆಯಿಲ್ಲ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಆದರೆ ಕತ್ತಿನ ಹಿಂದೆ ರೋಮ ನೆಟ್ಟಗಾಗಿದ್ದು ಮಲಗಲೇ ಇಲ್ಲ.

ಪೆಟ್ರೋಲ್ ಬಂಕಿನಲ್ಲಿ ಚಾಲಕ ಇಳಿದು ಹೋಗಿ ಮೂರು ನೀರಿನ ಬಾಟಲಿ ತಂದ. ಒಂದು ಕಂಡಕ್ಟರಿಗೆ, ಒಂದು ಸೊಸೆಗೆ, ಮೂರನೆಯದನ್ನು ಖಾಲಿ ಸೀಟಿನ ಮೇಲೆ ಇಟ್ಟ. ಅವನ ಫೋನಿನಿಂದ ಆಸ್ಪತ್ರೆಗೆ ಮಾಡಿ ನೋಡಿದರು. ಹೊಡೆದುಕೊಂಡು ಹೊಡೆದುಕೊಂಡು ನಿಂತಿತು, ಯಾರೂ ಎತ್ತಲಿಲ್ಲ. ಕಾರು ಬೆಟ್ಟ ಹತ್ತತೊಡಗಿತು. ಹೊರಗೆ ಚಳಿ. ಸೊಸೆ ಒಂದು ಥರದ ದನಿಯಲ್ಲಿ ಕರೆದಳು.

"ಮಾವ. ಆ ಕಡೆ ಗಾಜು ನೋಡಿ."

ಅವಳ ಪಕ್ಕದ ಕಿಟಕಿಯ ಗಾಜು ತಿಳಿಯಾಗಿತ್ತು. ಖಾಲಿ ಸೀಟಿನ ಪಕ್ಕದ ಗಾಜು ಮಾತ್ರ ಒಳಗಿನಿಂದ ಮಂಜು ಹಿಡಿದಿತ್ತು, ಮುಖ ಒತ್ತಿ ಉಸಿರು ಬಿಟ್ಟಂತೆ. ನೋಡುತ್ತಿದ್ದ ಹಾಗೇ ಆ ಮಂಜಿನ ನಡುವೆ ಒಂದು ಅಂಗೈಯಗಲ ಜಾಗ ಅಡ್ಡಡ್ಡಕ್ಕೆ ಒರೆಸಿಹೋಯಿತು.

ಕಂಡಕ್ಟರು ಚಾಲಕನ ಕಡೆ ನೋಡಿದರು. ಅವನು ಆರಾಮವಾಗಿ ತಿರುವು ತೆಗೆಯುತ್ತಿದ್ದ.

"ಇವರು ಹೀಗೇ ಒರೆಸೋದು" ಎಂದಳು ಸೊಸೆ. ಕಣ್ಣೀರು ಆಗಲೇ ಕೆನ್ನೆಗೆ ಇಳಿದಿತ್ತು. "ಬಸ್ಸಲ್ಲಿ ಕೂತ್ರೆ ಕಿಟಕಿ ಒರೆಸ್ತಾನೇ ಇರ್ತಾರೆ. ನಾನು ಬೈತಿದ್ದೆ, ಕರ್ಚೀಫ್ ಇಲ್ವಾ ಅಂತ. ಹೆಸರು ಹಾಕಿದ್ದೀನಲ್ಲ ಮಾವ, ಬಂದ್ಬಿಟ್ಟಿದಾರೆ. ಮೈನ ಅಲ್ಲೇ ಬಿಟ್ಟು ಬಂದ್ಬಿಟ್ಟಿದಾರೆ."

ಕಂಡಕ್ಟರು ಹುಚ್ಚುಚ್ಚಾಗಿ ಮಾತಾಡಬೇಡ ಎಂದು ಗದರಲು ಬಾಯಿ ತೆರೆದರು. ಗದರಿಕೆ ಬರಲಿಲ್ಲ. ಮಗ ಚಿಕ್ಕವನಿದ್ದಾಗ ಶಾಲೆಗೆ ರಜೆ ಬಂತೆಂದರೆ ಅಪ್ಪನ ಬಸ್ಸೇ ಅವನಿಗೆ ಆಟದ ಬಯಲು. ಕಂಡಕ್ಟರ್ ಸೀಟಿನಲ್ಲಿ ಮಂಡಿಯೂರಿ ಕುಳಿತು ಗಾಜಿಗೆ ಮೂಗು ಒತ್ತಿ, ಮಂಜು ಹಿಡಿಸಿ, ಒರೆಸಿ, ಮತ್ತೆ ಮಂಜು ಹಿಡಿಸುತ್ತಿದ್ದ. ಮಗ ಹೋಗಿಬಿಟ್ಟನೇ ಎಂದು ಬೆಲ್ಟ್ ಕಟ್ಟಿದ ಸೀಟನ್ನೇ ನೋಡಿದರು. ಆಮೇಲೆ ಇನ್ನೊಂದು ಯೋಚನೆ ಬಂತು, ಅದನ್ನು ಅವರು ಮುಳುಗುವವನು ಹಗ್ಗ ಹಿಡಿದ ಹಾಗೆ ಹಿಡಿದುಕೊಂಡರು.

"ಅಳಬೇಡ, ಕೇಳು. ಅವನು ಅಲ್ಲಿಂದ ಎದ್ದು ನಮ್ಮ ಹತ್ರ ಬಂದಿದಾನೆ. ನಾವು ಹೋಗ್ತಿರೋದು ಅಲ್ಲಿಗೇ. ವಾಪಸ್ ಕರ್ಕೊಂಡು ಹೋಗಿ ಅವನ ಜಾಗಕ್ಕೆ ಸೇರಿಸೋಣ. ದಾರೀಲಿ ಕೈಬಿಡಬಾರದು, ಅಷ್ಟೆ. ಬೆಲ್ಟ್ ಹಿಡ್ಕೋ. ಮಾತಾಡ್ಸು."

ಅವಳು ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮಾತಾಡತೊಡಗಿದಳು. ಅಡುಗೆಮನೆಯ ನಲ್ಲಿ ಇನ್ನೂ ಸೋರುತ್ತಿದೆ, ಬಂದು ಸರಿಮಾಡುತ್ತೀನಿ ಅಂದಿದ್ದಿರಿ. ಮಗಳು ಅಪ್ಪ ಬಂದ ಮೇಲೇ ಕೂದಲು ಕತ್ತರಿಸಿಕೊಳ್ಳುವುದು ಅಂತ ಹಟ ಹಿಡಿದು ಕೂತಿದ್ದಾಳೆ. ನಿಮ್ಮ ಅಂಗಿ ಅಳತೆ ತಪ್ಪಿ ಬಿಗಿಯಾಗಿದೆ ಅಂದಿದ್ದಿರಲ್ಲ, ಅಳತೆ ತಪ್ಪಿಲ್ಲ, ನಿಮ್ಮ ಹೊಟ್ಟೆ ಬಂದಿದೆ. ಅತ್ತು, ಬೈದು, ಮೂಗು ಒರೆಸಿಕೊಂಡು ಮತ್ತೆ ಬೈದಳು. ಪಕ್ಕದ ಗಾಜು ಮಂಜು ಹಿಡಿಯುತ್ತಿತ್ತು, ಒರೆಸಿಹೋಗುತ್ತಿತ್ತು. ಚಾಲಕ ಹರಟೆ ನಿಲ್ಲಿಸಿ ಕನ್ನಡಿಯಲ್ಲಿ ಅವಳನ್ನೇ ನೋಡುತ್ತಿದ್ದ.

ಬೆಟ್ಟ ಇಳಿದು, ಮಟ್ಟಸ ದಾರಿ ಸಿಕ್ಕ ಸ್ವಲ್ಪ ಹೊತ್ತಿಗೆ, ಒಂದು ಕವಲಿನಲ್ಲಿ ಯಾರೂ ಹೇಳದೆಯೇ ಅವನು ಕಾರು ನಿಲ್ಲಿಸಿದ. ರಸ್ತೆಯ ಪಕ್ಕ ಮೂರು ಗೋಡೆಯ ಸಣ್ಣದೊಂದು ಬಸ್ ತಂಗುದಾಣ. ಅಲ್ಲಿಂದ ಒಳಗೆ ಹೋಗುವ ಕಾಲುದಾರಿಯಂಥ ರಸ್ತೆ, ಅದರ ಕೊನೆಯಲ್ಲಿ ನಾಲ್ಕೈದು ಮನೆ. ತಂಗುದಾಣದ ಮುಂದೆ ಒಬ್ಬ ಹೆಂಗಸು ನಿಂತಿದ್ದಳು. ಅವಳ ಮಡಚಿದ ತೋಳಿನ ಮೇಲೆ ಗಂಡಸಿನ ಉಣ್ಣೆಯ ಕೋಟು. ಕಾರು ಕಂಡದ್ದೇ ಅವಳು ಕೈ ಎತ್ತಿದಳು.

"ಮೂರನೆಯವರು ಇಲ್ಲಿ ಇಳಿಯಲು ಬಯಸುತ್ತಾರೆ" ಎಂದಿತು ಫೋನು.

ಸೊಸೆ ಚೀರಿದಳು. "ಇಲ್ಲ! ಬೇಡ! ಮಾವ, ಇಳೀತಿದಾರೆ!"

ಸಿಕ್ಕಿಸಿದ ಬೆಲ್ಟಿನ ಕೊಂಡಿ ಟಕ್ಕೆಂದು ತಾನಾಗೇ ಬಿಚ್ಚಿಕೊಂಡಿತ್ತು. ಅವಳು ಅದನ್ನು ಎಳೆದು ಮತ್ತೆ ಸಿಕ್ಕಿಸಿ, ಅದರ ಮೇಲೆ ಅಡ್ಡಬಿದ್ದಳು. ಬಾಗಿಲಿನ ಹಿಡಿ ಒಂದು ಸಲ, ಎರಡು ಸಲ ಅಲುಗಾಡಿತು. ಎಷ್ಟೋ ವರ್ಷದಿಂದ ಕಂಡಕ್ಟರ ಗಂಟಲಿನಲ್ಲಿ ಮಲಗಿದ್ದ ದನಿ ಆಗ ಎದ್ದಿತು, ಐವತ್ತು ಜನರ ಗದ್ದಲದ ಮೇಲೆ ಕೇಳಿಸುತ್ತಿದ್ದ ದನಿ.

"ಇಲ್ಲಿ ಸ್ಟಾಪ್ ಇಲ್ಲ! ನಡುದಾರೀಲಿ ಇಳಿಯೋ ಹಾಗಿಲ್ಲ! ಕೂತ್ಕೋ! ರೈಟ್, ಹೋಗ್ಲಿ, ರೈಟ್!"

ಹೇಳುತ್ತಲೇ ಬಾಗಿಲಿಗೆ ಎರಡು ಸಲ ಅಂಗೈಯಿಂದ ಬಡಿದರು. ಅದು ಯಾವ ದೇಶದ ಚಾಲಕನಿಗೂ ಅರ್ಥವಾಗುವ ಭಾಷೆಯಿರಬೇಕು. ಇವನು ಬೆಚ್ಚಿಬಿದ್ದು ಕಾರನ್ನು ಮುಂದಕ್ಕೆ ಚಿಮ್ಮಿಸಿದ. ಪಕ್ಕದ ಕನ್ನಡಿಯಲ್ಲಿ ಕಂಡಕ್ಟರಿಗೆ ಆ ಹೆಂಗಸು ಕಂಡಳು. ಕೋಟು ಹಿಡಿದುಕೊಂಡೇ ಕಾರಿನ ಹಿಂದೆ ನಾಲ್ಕು ಹೆಜ್ಜೆ ಓಡಿ, ನಿಂತು, ಎತ್ತಿದ ಕೈಯನ್ನು ಇಳಿಸುವುದನ್ನೇ ಮರೆತಿದ್ದಳು. ಯಾರಿಗೋ ಕಾಯುತ್ತಿದ್ದಾಳೆ, ಪಾಪ, ತಪ್ಪು ಕಾರಿಗೆ ಕೈ ಮಾಡಿದಳು ಎಂದುಕೊಂಡರು. ಆ ಗಳಿಗೆಯಲ್ಲಿ ಅವರಿಗೆ ತಮ್ಮ ಮಗನ ಹೊರತು ಯಾರೂ ಬೇಕಿರಲಿಲ್ಲ.

ಅಲ್ಲಿಂದ ಆಸ್ಪತ್ರೆಯವರೆಗೆ ಕಾರಿನೊಳಗೆ ಚಳಿಯೋ ಚಳಿ. ಆ ಕಡೆಯ ಗಾಜಿನ ಮೇಲೆ ಅಂಗೈ ಓಡಾಡುತ್ತಲೇ ಇತ್ತು, ಹಿಂದಿನ ರಸ್ತೆ ಕಾಣುವ ಮೂಲೆಯನ್ನೇ ಮತ್ತೆ ಮತ್ತೆ ಒರೆಸುತ್ತಿತ್ತು. "ಸ್ವಲ್ಪ ತಡ್ಕೋ ಮಗಾ, ಬಂದೇಬಿಟ್ಟಿತು" ಎನ್ನುತ್ತಿದ್ದರು ಕಂಡಕ್ಟರು. ಸ್ಟಿಯರಿಂಗಿನ ಮೇಲೆ ಚಾಲಕನ ಬೆರಳುಗಳು ಬೆಳ್ಳಗಾಗಿದ್ದವು.

ಆಸ್ಪತ್ರೆಯ ಮುಂದೆ ಸೊಸೆ ಮೊದಲು ತಾನಿಳಿದು ಸುತ್ತಿ ಬಂದು, ಆ ಕಡೆಯ ಬಾಗಿಲು ತೆಗೆದು, ಬೆಲ್ಟ್ ಬಿಚ್ಚಿ, ಗಾಳಿಯಲ್ಲಿ ತೋಳು ಹಿಡಿದಂತೆ ಕೈ ಇಟ್ಟುಕೊಂಡಳು. "ಬನ್ನಿ, ಬಂದ್ವಿ, ನಿಮ್ಮ ಜಾಗ ಇದೇ." ಅವಳ ಬೆರಳು ನೀಲಿಗಟ್ಟಿತ್ತು, ಬಿಡಲಿಲ್ಲ. ಕಂಡಕ್ಟರು ಇನ್ನೊಂದು ಬದಿಗೆ ನಿಂತು ಬೆನ್ನಿಗೆ ಕೈಕೊಟ್ಟ ಹಾಗೆ ನಡೆದರು. ಅಲ್ಲಿದ್ದವರು ಈ ಮೆರವಣಿಗೆಯನ್ನು ವಿಚಿತ್ರವಾಗಿ ನೋಡಿರಬೇಕು. ಇಬ್ಬರಿಗೂ ಅದರ ಪರಿವೆ ಇರಲಿಲ್ಲ.

ಮಗನ ಹೆಸರು ಕೇಳಿದ್ದೇ ನರ್ಸ್ ನಕ್ಕಳು. ನಗುತ್ತಾ ಇಬ್ಬರನ್ನೂ ಉದ್ದನೆಯ ಓಣಿಯಲ್ಲಿ ಕರೆದುಕೊಂಡು ಹೋಗಿ, ಬಿಸಿಲು ಬೀಳುತ್ತಿದ್ದ ಒಂದು ಕೋಣೆಯ ಬಾಗಿಲು ತೆರೆದಳು. ಮಗ ದಿಂಬಿಗೆ ಒರಗಿ ಕುಳಿತು ಚಮಚದಲ್ಲಿ ಏನೋ ತಿನ್ನುತ್ತಿದ್ದ. ತಲೆಗೆ ಬಟ್ಟೆ ಸುತ್ತಿದ್ದರು, ಒಂದು ಕಣ್ಣು ಊದಿತ್ತು, ಆದರೆ ನಗು ಅವನದೇ.

"ಅಪ್ಪಾ! ನಿಮಗೆ ಫೋನ್ ಮಾಡಿ ಮಾಡಿ ಸಾಕಾಯ್ತು, ಹತ್ತಲೇ ಇಲ್ಲ. ಬೆಳಗಿನ ಜಾವನೇ ಎಚ್ಚರ ಆಯ್ತು ನಂಗೆ. ನೀವಿನ್ನೂ ವಿಮಾನದಲ್ಲಿದ್ರೇನೋ."

ಸೊಸೆ ಓಡಿಹೋಗಿ ಅವನ ಎದೆಯ ಮೇಲೆ ಬಿದ್ದಳು. ಕಂಡಕ್ಟರು ನಿಂತಲ್ಲೇ ಅತ್ತರು. ಮದುವೆಯಾದ ಮಗನ ಮುಂದೆ ಅಪ್ಪ ಹಾಗೆ ಅಳಬಾರದು ಎಂದು ಗೊತ್ತಿದ್ದೂ ಅತ್ತರು. ಸಂತೋಷ ಎಂದರೆ ಇಷ್ಟು ನೋಯುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲ. ಹೀಗೆ ಅಳುತ್ತಿರುವಾಗಲೇ ಒಂದು ಮಾತು ನಿಧಾನಕ್ಕೆ ತಲೆಗೆ ಹತ್ತಿತು. ಬೆಳಗಿನ ಜಾವ. ತಾವು ಕಾರು ಹತ್ತುವುದಕ್ಕೆ ಎಷ್ಟೋ ಮುಂಚೆ. ಅಂದ ಮೇಲೆ ದಾರಿಯುದ್ದಕ್ಕೂ ಬೆಲ್ಟ್ ಹಿಡಿದು ಕೂರಿಸಿಕೊಂಡು ಬಂದದ್ದು ಯಾರನ್ನು?

ಮಗ ಅವರ ಭುಜದ ಆಚೆ ನೋಡುತ್ತಿದ್ದ.

"ಜೊತೇಲಿ ಬಂದಿರೋರು ಯಾರಪ್ಪಾ? ಬಾಗಿಲಲ್ಲೇ ನಿಂತ್ಬಿಟ್ಟಿದಾರಲ್ಲ. ತುಂಬಾ ಚಳಿ ಅನ್ಸುತ್ತೆ ಅವರಿಗೆ, ನಡುಗ್ತಿದಾರೆ." ಅವನು ಹೊದಿಕೆ ಎತ್ತಿ ಸ್ವಲ್ಪ ಪಕ್ಕಕ್ಕೆ ಸರಿದ. "ಇಲ್ಲಿ ಬೆಚ್ಚಗಿದೆ, ಬನ್ನಿ. ನಾನು ಜಾಗ ಬಿಡ್ತೀನಿ."

ಸೊಸೆ ಕೂಗಿಕೊಂಡಳು. "ಮಾವ! ಇವರ ಕೈ ನೋಡಿ!" ಅವಳು ಹಿಡಿದಿದ್ದ ಗಂಡನ ಕೈ ನೋಡನೋಡುತ್ತಾ ನೀಲಿಗೆ ತಿರುಗುತ್ತಿತ್ತು. ಹಾಸಿಗೆಯ ಪಕ್ಕದ ಕಿಟಕಿಗೆ ಮಂಜು ಹಿಡಿಯುತ್ತಿತ್ತು.

"ಸರೀಬೇಡ!" ಕಂಡಕ್ಟರು ಹಾಸಿಗೆಗೂ ಬಾಗಿಲಿಗೂ ನಡುವೆ ನಿಂತು ಎರಡೂ ಕೈ ಅಗಲಿಸಿದರು. "ನಿನ್ನ ಜಾಗ ಬಿಡಬೇಡ ಮಗನೇ, ಮಲಕ್ಕೋ ಅಲ್ಲೇ!"

ತಮ್ಮ ಎದುರು ಏನೂ ಕಾಣುತ್ತಿರಲಿಲ್ಲ, ಮುಖಕ್ಕೆ ತಣ್ಣನೆಯ ಉಸಿರು ಮಾತ್ರ ತಾಗುತ್ತಿತ್ತು. ಅವರ ಭಯದ ಒಳಗೆ ಇನ್ನೊಂದು ಇತ್ತು, ಅದು ನಾಚಿಕೆ. ಕೋಟು ಹಿಡಿದು ಓಡಿದ ಹೆಂಗಸು ಕಣ್ಣಿಗೆ ಕಟ್ಟಿದಳು. ತಮ್ಮ ಸರ್ವಿಸಿನಲ್ಲಿ ಕುಡುಕರನ್ನು, ಜಗಳಗಂಟರನ್ನು, ಟಿಕೆಟ್ ಇಲ್ಲದವರನ್ನೂ ಅವರವರ ಸ್ಟಾಪಿನಲ್ಲೇ ಇಳಿಸಿದ್ದರು. ಇಳಿಯುತ್ತೇನೆ ಎಂದವನನ್ನು ಕಟ್ಟಿ ಮುಂದಕ್ಕೆ ಒಯ್ದದ್ದು ಇದೇ ಮೊದಲು.

"ಬನ್ನಿ ಸ್ವಾಮಿ" ಎಂದರು ದನಿ ತಗ್ಗಿಸಿ. "ತಪ್ಪು ನಂದು. ನಿಮ್ಮ ಸ್ಟಾಪಿಗೆ ನಾನೇ ಬಿಟ್ಟು ಬರ್ತೀನಿ. ಇವನು ನನ್ನ ಮಗ. ಇವನ ಹತ್ರ ನಿಮಗೇನೂ ಕೆಲಸ ಇಲ್ಲ. ಬನ್ನಿ."

ಸೊಸೆ ಗಂಡನ ಫೋನನ್ನು ಮಾವನ ಜೇಬಿಗೆ ತುರುಕಿದಳು. "ನಾನೂ ಬರ್ತೀನಿ ಮಾವ."

"ನೀನು ಅವನ ಕೈ ಬಿಡಬೇಡ."

ಅವರು ಹಿಂದಕ್ಕೆ ನೋಡದೆ ಓಣಿಯಲ್ಲಿ ನಡೆದರು. ಚಳಿ ಅವರ ಎಡಭುಜದ ಪಕ್ಕದಲ್ಲೇ ಬಂತು.

ಚಾಲಕ ಹೋಗಿರಲಿಲ್ಲ. ಗೇಟಿನ ಪಕ್ಕ ಕಾರು ನಿಲ್ಲಿಸಿಕೊಂಡು, ಫೋನು ಕೈಯಲ್ಲಿ ಹಿಡಿದು ಅತ್ತಿಂದಿತ್ತ ತಿರುಗುತ್ತಿದ್ದ. ಇವರನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದ. ಅವನು ಗಡಗಡ ಹೇಳಿದ್ದನ್ನೆಲ್ಲ ಫೋನು ತಣ್ಣಗೆ ಒಪ್ಪಿಸಿತು.

"ಪೊಲೀಸರನ್ನು ಕರೆಯಬೇಕೆಂದು ಯೋಚಿಸುತ್ತಿದ್ದೆ. ನೀವು ಇದ್ದಾರೆ ಎಂದಿರಿ. ಕಂಬದ ಬಳಿ ಇದ್ದವರು ಬಂದು ಕುಳಿತರು. ನಿಮ್ಮವರೆಂದು ತಿಳಿದೆ. ಅವರು ನನ್ನ ಭಾಷೆಯವರು. ಬಹಳ ದಿನದ ನಂತರ ಮನೆಗೆ ಹೋಗುತ್ತಿದ್ದೇನೆ, ಹೆಂಡತಿ ಕಾಯುತ್ತಿದ್ದಾಳೆ ಎಂದು ಸಂತೋಷದಿಂದ ಹೇಳುತ್ತಿದ್ದರು. ನೀವು ಅವರನ್ನು ಏಕೆ ಇಳಿಯಲು ಬಿಡಲಿಲ್ಲ? ನನಗೆ ನಿಮ್ಮನ್ನು ಕಂಡರೆ ಭಯವಾಗುತ್ತದೆ."

ಕಂಡಕ್ಟರು ಏನೆಂದು ಹೇಳಿಯಾರು? ತಮಗೆ ಅವರು ಕಾಣುವುದೇ ಇಲ್ಲ ಎಂದು ಹೇಳಿದರೆ ಇರುವ ಒಬ್ಬ ಚಾಲಕನೂ ಓಡಿಹೋದಾನು. ಫೋನಿಗೆ ಬಾಗಿ, "ಅಲ್ಲಿಗೇ ವಾಪಸ್ ಬಿಡು ತಂದೆ" ಎಂದಷ್ಟೇ ಹೇಳಿ ಕೈಮುಗಿದರು. ಈ ಸಲ ಮುಂದೆ ಕೂರಲಿಲ್ಲ, ಹಿಂದೆ ಕುಳಿತರು. ಮಂಡಿ ಮುಂದಿನ ಸೀಟಿಗೆ ಒತ್ತುತ್ತಿತ್ತು. ಪಕ್ಕದವರ ಜಾಗ ಅತಿಕ್ರಮಿಸದ ಹಾಗೆ ಕೈಕಾಲು ಮುದುಡಿಕೊಂಡು ಕುಳಿತರು.

ಕವಲು ತಲುಪುವಾಗ ಹೊತ್ತು ಮುಳುಗುತ್ತಿತ್ತು. ತಂಗುದಾಣ ಖಾಲಿ. ಒಳಗಿನ ರಸ್ತೆಯಲ್ಲಿ ಯಾರೂ ಇಲ್ಲ. ಕಂಡಕ್ಟರು ಇಳಿದು, ಸುತ್ತಿ ಬಂದು, ಆ ಕಡೆಯ ಬಾಗಿಲು ತೆರೆದು ಹಿಡಿದರು. ಬೆಲ್ಟ್ ಬಿಚ್ಚಿಕೊಂಡಿತು. ಜಲ್ಲಿಕಲ್ಲು ಕರಕರ ಎಂದಿತು, ತಂಗುದಾಣದವರೆಗೆ ಹೋಗಿ ನಿಂತಿತು, ಮತ್ತೆ ಕಾರಿನವರೆಗೆ ಬಂತು. ಚಾಲಕ ಕಿಟಕಿಯಿಂದ ಕತ್ತು ಹೊರಗೆ ಹಾಕಿ ಕೇಳಿಸಿಕೊಂಡು ಫೋನಿಗೆ ಹೇಳಿದ.

"ಹೆಂಡತಿ ಹೊರಟುಹೋಗಿದ್ದಾಳೆ. ಯಾವ ಮನೆ ಎಂಬುದು ಅವರಿಗೆ ನೆನಪಿಲ್ಲವಂತೆ. ಅವಳೇ ಬಂದು ಕರೆದೊಯ್ಯಬೇಕಂತೆ. ಮತ್ತೆ ಯಾವಾಗ ಬರುತ್ತಾಳೋ ತಿಳಿಯದು. ಆದ್ದರಿಂದ ನಿಮ್ಮ ಜೊತೆಗೇ ಬರುತ್ತಾರಂತೆ. ನಿಮ್ಮ ಮಗನ ಹಾಸಿಗೆ ಬೆಚ್ಚಗಿದೆ ಎನ್ನುತ್ತಿದ್ದಾರೆ."

ಕಂಡಕ್ಟರು ಕಾರಿನ ಬಾಗಿಲು ಮುಚ್ಚಿದರು. ಗಟ್ಟಿಯಾಗಿ ಮುಚ್ಚಿದರು. ಆಮೇಲೆ ಫೋನಿಗೆ ಹೇಳಿದರು: "ಇವರನ್ನ ಕರ್ಕೊಂಡು ಹೋಗೋರು ಬರೋವರೆಗೂ ನಾನು ಇವರ ಜೊತೆ ಇರ್ತೀನಿ. ನೀನು ಹೊರಡು."

ಚಾಲಕ ಅವರ ಮುಖ ನೋಡಿದ. ತನ್ನ ಬಳಿಯಿದ್ದ ನೀರಿನ ಬಾಟಲಿಯನ್ನು ಅವರಿಗೆ ಕೊಟ್ಟು ಹೊರಟುಹೋದ. ಕಾರಿನ ಕೆಂಪು ದೀಪ ತಿರುವಿನಲ್ಲಿ ಮರೆಯಾಗುವವರೆಗೆ ಕಂಡಕ್ಟರು ನೋಡಿದರು. ನಂತರ ತಂಗುದಾಣದ ಕಲ್ಲಿನ ಕಟ್ಟೆಯ ಮೇಲೆ ಒಂದು ಬದಿಗೆ ಕುಳಿತು, ಸ್ವೆಟರ್ ಬಿಚ್ಚಿ ಇನ್ನೊಂದು ಬದಿಗೆ ಹಾಸಿದರು. ಚಳಿ ಬಂದು ಅದರ ಮೇಲೆ ಕುಳಿತಿತು.

"ಬರ್ತಾರೆ ಬಿಡಿ" ಎಂದರು. ಬರುತ್ತಾಳೋ ಇಲ್ಲವೋ ಅವರಿಗೇನು ಗೊತ್ತು? ಆ ಮನೆಗಳಲ್ಲಿ ಒಂದರಲ್ಲೂ ದೀಪ ಹತ್ತಿರಲಿಲ್ಲ. ಇಷ್ಟು ದೂರದಿಂದ ನೋಡಿದರೆ ಅವುಗಳಿಗೆ ಚಾವಣಿ ಇದೆಯೋ ಇಲ್ಲವೋ ಎಂಬುದೂ ಸರಿಯಾಗಿ ತಿಳಿಯುತ್ತಿರಲಿಲ್ಲ.

ಜೇಬಿನಲ್ಲಿ ಮಗನ ಫೋನು ಹೊಡೆದುಕೊಂಡಿತು. ಸೊಸೆ ನರ್ಸಿನ ಫೋನಿನಿಂದ ಮಾತಾಡುತ್ತಿದ್ದಳು. ದನಿಯಲ್ಲಿ ಜೀವ ಬಂದಿತ್ತು. "ಮಾವ, ಇವರ ಕೈ ಬೆಚ್ಚಗಾಯ್ತು. ಊಟ ಮಾಡ್ತಿದಾರೆ, ಅಪ್ಪ ಎಲ್ಲಿ ಅಂತ ಕೇಳ್ತಿದಾರೆ. ಬಿಟ್ಟಾಯ್ತಾ ಅವರನ್ನ? ಎಷ್ಟು ಹೊತ್ತಿಗೆ ಬರ್ತೀರಿ?"

ಹಿಂದಿನಿಂದ ಮಗನ ನಗು ಕೇಳಿಸಿತು. ಕಂಡಕ್ಟರು ಅದನ್ನು ಸ್ವಲ್ಪ ಹೊತ್ತು ಕೇಳಿಸಿಕೊಂಡರು. ಆಮೇಲೆ ಒಳಗಿನ ರಸ್ತೆಯ ಕಡೆ ನೋಡುತ್ತಾ ಹೇಳಿದರು.

"ನೀವು ಊಟ ಮಾಡಿ ಮಲಕ್ಕೊಳ್ಳಿ ತಾಯಿ. ನನಗೆ ಕಾಯಬೇಡಿ."